ಅರ್ಧಕ್ಕೆ ಆಫ್ ಮಾಡಿದ ಹಾಡು

ಗಿಟಾರ್, ಡ್ರಮ್ಸ್ ಎಲ್ಲ ಒಟ್ಟಿಗೆ ನಿಂತವು. ಹಾಡು ಮುಗೀತು ಅಂದ್ಕೊಂಡು ನಾನು ಆಂಪ್ಲಿಫೈಯರ್ ಆಫ್ ಮಾಡಿದೆ. ಎಪ್ಪತ್ತರ ದಶಕ, ಗುಬ್ಬಿಯಲ್ಲಿ ಗಣೇಶನ ಕಾರ್ಯಕ್ರಮ, ಮೈಕ್ ಸೆಟ್ ನನ್ನದು. ನುಡಿಸುತ್ತಿದ್ದವರು ತುಮಕೂರು ಉಪ್ಪಾರಹಳ್ಳಿಯ ನಾಲ್ವರು ಕಾಲೇಜು ಹುಡುಗರು. ಅವರೇ ಕಟ್ಟಿದ ಕಾಲು ಗಂಟೆಯ ರಾಕ್ ಹಾಡು. ಜನ ಮೆಚ್ಚಿದರೆ ಮಾತ್ರ ಬ್ಯಾಂಡ್ ಮುಂದುವರಿಸಿ ಅಂತ ಮನೆಯವರು ಕೊಟ್ಟಿದ್ದ ಒಂದೇ ಅವಕಾಶ.

“ಅಣ್ಣಾ, ಇನ್ನೂ ಅರ್ಧ ಐತೆ, ಹಾಕಣ್ಣಾ!” ಅಂತ ಗಿಟಾರಿನವನು ಕೂಗಿದ.

ಹಾಕಿದೆ. ಆದರೆ ಅದು ವಾಲ್ವ್ ಸೆಟ್ಟು, ಕಾದು ದನಿ ಬರಲು ಅರ್ಧ ನಿಮಿಷವಾದರೂ ಬೇಕು. ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿ ಪ್ರಸಾದಕ್ಕೆ ಎದ್ದು ಹೋಗಿದ್ದರು. ಖಾಲಿ ಜಾಗ ನೋಡಿ, ಕೇಳಲು ಬಂದಿದ್ದ ಹುಡುಗರ ಅಪ್ಪಂದಿರು ಸಾಕು ಅಂದರು. ಬ್ಯಾಂಡ್ ಅಲ್ಲಿಗೇ ಮುಗೀತು.

ಐದಾರು ವರ್ಷದ ಮೇಲೆ ಆ ಗಿಟಾರಿನವನೇ ಕುಣಿಗಲ್ಲಿನಲ್ಲಿ ನಡೆಯಲಿದ್ದ ತನ್ನ ಮದುವೆಗೆ ಮೈಕ್ ಬುಕ್ ಮಾಡಲು ನನ್ನ ಅಂಗಡಿಗೆ ಬಂದ. “ಬಾಡಿಗೆ ಎಷ್ಟಾದ್ರೂ ಹೇಳಣ್ಣ, ಚೌಕಾಸಿ ಮಾಡಲ್ಲ. ನಾನು ಹೇಳೋವರ್ಗೂ ಸ್ವಿಚ್ ಮಾತ್ರ ಮುಟ್ಬೇಡ” ಅಂದ. ಆರತಕ್ಷತೆಯಲ್ಲಿ ನಾಲ್ವರೂ ಸೇರಿ ಉಳಿದರ್ಧ ನುಡಿಸಿದರು.

ಮೈಕ್ ಸೆಟ್ ಇಟ್ಟಿರೋರಿಗೆ ನನ್ನದೊಂದು ಮಾತು: ಕಿವಿಯನ್ನಷ್ಟೇ ನಂಬಬೇಡಿ, ನುಡಿಸೋರ ಮುಖ ನೋಡಿ. ಆರತಕ್ಷತೆಯ ದಿನ ಹಾಡು ಮುಗಿದು “ಈಗ ಆಫ್ ಮಾಡಣ್ಣ” ಅಂತ ಅವನು ನಕ್ಕು ಹೇಳಿದ ಮೇಲೂ ನಾನು ಸುಮಾರು ಹೊತ್ತು ಸ್ವಿಚ್ ಮುಟ್ಟಲಿಲ್ಲ.