ಲೈಟು ಕಣ್ಣಿಗೆ ಹೊಡೆಯುತ್ತೆ, ಮಾವ!

ಹೋದ ತಿಂಗಳು ಜಗಳೂರಿನಲ್ಲಿ, ಹತ್ತಿಪ್ಪತ್ತು ಜನ ಕೂತಿದ್ದ ನಡುಮನೆಯಲ್ಲಿ, ನನ್ನ ಅಕ್ಕನ ಮಗಳು ರೂಪಾ ಇದ್ದಕ್ಕಿದ್ದಂತೆ ಎದ್ದು ನೇರ ನನ್ನ ಹತ್ತಿರ ಬಂದಳು. ನನ್ನ ಕೈಯಲ್ಲಿ ವಿಡಿಯೊ ಕ್ಯಾಮೆರಾ. ಅದರ ನೆತ್ತಿಯ ಮೇಲೆ ಹೊಸ ಲೈಟು ಝಗಝಗ ಉರಿಯುತ್ತಿತ್ತು. ಅವಳು ಅದರ ಸ್ವಿಚ್ ಹುಡುಕಿ ಪಟ್ ಅಂತ ಆರಿಸಿದಳು.

ಅವತ್ತು ಅವಳದೇ ಮದುವೆಯ ಮಾತುಕತೆ. ಗಂಡಿನ ಕಡೆಯವರು ಎದುರಿಗೇ ಕೂತಿದ್ದರು. ನನ್ನ ಮುಖ ಹೇಗಾಗಿರಬೇಡ?

ಮೊದಲಿನಿಂದ ಹೇಳುತ್ತೇನೆ.

ನಮ್ಮ ನೆಂಟರಿಷ್ಟರ ಪಾಲಿಗೆ ನಾನು ಪುಕ್ಕಟೆ ಕ್ಯಾಮೆರಾಮನ್. (ನಿಮ್ಮ ಕುಟುಂಬದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಕ್ಷಮಿಸಿ.) ಚನ್ನಗಿರಿಯಲ್ಲಿ ಮೇಷ್ಟ್ರ ಕೆಲಸದಿಂದ ರಿಟೈರ್ ಆದಾಗ ಒಂದು ಸೆಕೆಂಡ್ ಹ್ಯಾಂಡ್ ವಿಡಿಯೊ ಕ್ಯಾಮೆರಾ ಕೊಂಡೆ. ಅಲ್ಲಿಂದೀಚೆಗೆ ನಾಮಕರಣ, ಸೀಮಂತ, ಗೃಹಪ್ರವೇಶ ಯಾವುದನ್ನೂ ಬಿಟ್ಟಿಲ್ಲ. ಎಲ್ಲರೂ ಫೋನಿನಲ್ಲೇ ತೆಗೆಯುವ ಕಾಲದಲ್ಲಿ ಇದೇಕೆ ಅಂತ ಕೇಳಬೇಡಿ. ಕ್ಯಾಮೆರಾ ಹಿಡಿದವನಿಗೆ ಜನ ದಾರಿ ಬಿಡುತ್ತಾರೆ. ಬರೀ ಫೋನ್ ಹಿಡಿದವನಿಗೆ ಯಾರು ಬಿಡುತ್ತಾರೆ?

ಒಂದೇ ತೊಂದರೆ. ಮನೆಯೊಳಗೆ ತೆಗೆದದ್ದೆಲ್ಲ ಕಪ್ಪು. ಷಡ್ಡಕನ ಮೊಮ್ಮಗನ ನಾಮಕರಣದ ವಿಡಿಯೊ ನೋಡುತ್ತ ನನ್ನ ಹೆಂಡತಿ, ‘ತೊಟ್ಟಿಲು ಯಾವುದು, ಬೀಗ್ತಿ ಯಾರು ಅಂತ ಗುರ್ತು ಹಿಡಿಯಾಕೇ ಆಗ್ತಿಲ್ಲಲ್ರೀ’ ಅಂದಿದ್ದಳು.

ಹಾಗಾಗಿ ಕ್ಯಾಮೆರಾ ಮೇಲೆ ಕೂರಿಸುವ ಲೈಟೊಂದು ಬೇಕಿತ್ತು. ಅಗ್ಗದ್ದು. ಅದಕ್ಕೆ ಸರಿಯಾಗಿ ರೂಪಾಳ ಮದುವೆ ಮಾತುಕತೆಯ ದಿನ ನಿಗದಿಯಾಯಿತು.

ರೂಪಾಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಮಾತಾಡುವುದು ಕೈಯಲ್ಲಿ. ಓದಿದ್ದು ಅಂಥ ಮಕ್ಕಳ ಶಾಲೆಯಲ್ಲೇ. ನಮ್ಮಕ್ಕ ಮಗಳ ಜೊತೆ ತಾನೂ ಸನ್ನೆ ಭಾಷೆ ಕಲಿತಳು. ನಾನು ಕಲಿಯಲಿಲ್ಲ. ಊಟ ಆಯ್ತಾ, ಬಸ್ ಬಂತಾ, ಇಷ್ಟರಲ್ಲೇ ನನ್ನ ಪಾಂಡಿತ್ಯ ಮುಗಿಯುತ್ತದೆ. ಉಳಿದದ್ದನ್ನು ಅವಳು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾಳೆ. ಹುಡುಗ ಮಂಜುನಾಥ ನ್ಯಾಮತಿಯಲ್ಲಿ ಟೈಲರ್. ಅವನಿಗೂ ಕಿವಿ ಕೇಳಿಸುವುದಿಲ್ಲ. ಇಬ್ಬರೂ ಆರು ತಿಂಗಳಿಂದ ವಿಡಿಯೊ ಕಾಲ್‌ನಲ್ಲಿ ಮಾತಾಡಿಕೊಂಡವರು. ಎದುರೆದುರು ಕೂತು ಮಾತಾಡುವುದು ಅವತ್ತೇ ಮೊದಲು. ಅಂಥ ದಿನ ಕಪ್ಪಾಗಿ ಬಂದರೆ ಹೇಗೆ?

ಹೊನ್ನಾಳಿಗೆ ಹೋದೆ. ಅಲ್ಲಿ ನಮ್ಮ ಖಲೀಲಣ್ಣನ ಸ್ಟುಡಿಯೊ ಇದೆ. ಮದುವೆ ವಿಡಿಯೊ ತೆಗೆದು ತೆಗೆದು ಬಲಭುಜ ಸ್ವಲ್ಪ ಕೆಳಗಿಳಿದಿರುವ ಮನುಷ್ಯ. ಅವರು ಟೇಬಲ್ ಮೇಲೆ ಮೂರು ಲೈಟು ಇಟ್ಟರು. ಒಂದು ಬೆಂಕಿಪೊಟ್ಟಣದಷ್ಟು, ಲೆಕ್ಕಕ್ಕಿಲ್ಲ. ಇನ್ನೊಂದು ಅಂಗೈ ಅಗಲ, ಸಾಲುಸಾಲು ಎಲ್‌ಇಡಿ. ಹಚ್ಚಿದರೆ ಅಂಗಡಿಯ ಮೂಲೆಯ ಜೇಡರಬಲೆಯೂ ಕಂಡಿತು. ಮತ್ತೊಂದೂ ಅಷ್ಟೇ ಅಗಲ. ಆದರೆ ಮುಂದೆ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ, ಪಕ್ಕದಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡುವ ತಿರುಗಣಿ. ರೇಟು ತುಸು ಮೇಲೆ.

‘ಇದನ್ನ ತಗಳ್ರಿ ಮೇಷ್ಟ್ರೇ. ಮೆತ್ತಗೆ ಬೀಳ್ತೈತೆ. ಬೇಕಂದ್ರೆ ಸಣ್ಣಕೆ ಮಾಡಬಹುದು’ ಅಂದರು ಖಲೀಲಣ್ಣ.

‘ಸಣ್ಣಕೆ ಮಾಡಾಕೆ ಯಾಕ್ರೀ ಜಾಸ್ತಿ ದುಡ್ಡು ಕೊಡ್ಬೇಕು? ನಂಗೆ ಬೇಕಾಗಿರೋದು ಬೆಳಕು!’ ಅಂದೆ ನಾನು. ಜೇಡರಬಲೆ ತೋರಿಸಿದ್ದನ್ನೇ ಕಟ್ಟಿಸಿಕೊಂಡೆ.

ಖಲೀಲಣ್ಣ ವಾದಕ್ಕಿಳಿಯಲಿಲ್ಲ. ‘ಡಬ್ಬಿ ಬಿಸಾಕಬ್ಯಾಡ್ರಿ’ ಅಂದರು. ಅಷ್ಟೇ.

ಜಗಳೂರಿನ ಅಕ್ಕನ ಮನೆಯ ನಡುಮನೆಗೆ ಒಂದೇ ಕಿಟಕಿ. ಬಿಸಿಲು ಬರುತ್ತದೆ ಅಂತ ಅವತ್ತು ಅದನ್ನೂ ಮುಚ್ಚಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಟೀ ಎಲ್ಲ ಆಯಿತು. ಮಂಜುನಾಥನ ಜೊತೆ ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಬಂದಿದ್ದರು. ‘ಇನ್ನ ಅವರವರೇ ಮಾತಾಡ್ಕಳ್ಳಿ’ ಅಂತ ಅವರೇ ಹೇಳಿದರು. ರೂಪಾಳನ್ನು ಚಾಪೆಯ ಈ ಕಡೆ, ಮಂಜುನಾಥನನ್ನು ಆ ಕಡೆ ಕೂರಿಸಿದರು. ಮದುಮಗಳ ಮುಖ ಚೆನ್ನಾಗಿ ಬರಲಿ ಅಂತ ನಾನು ಮಂಜುನಾಥನ ಬೆನ್ನ ಹಿಂದೆ ನಿಂತು ಲೈಟು ಹಚ್ಚಿದೆ.

ಅವನು ಕೈಯಲ್ಲಿ ಏನೋ ಕೇಳಿದ. ರೂಪಾ ಕಣ್ಣು ಕಿರಿದು ಮಾಡಿದಳು. ಅವನು ಮತ್ತೆ ಕೇಳಿದ. ಅವಳು ಹಣೆಗೆ ಅಂಗೈ ಅಡ್ಡ ಹಿಡಿದು ತಲೆ ತಗ್ಗಿಸಿದಳು.

ಮಂಜುನಾಥನ ಕೈಗಳು ನಿಧಾನಕ್ಕೆ ತೊಡೆಯ ಮೇಲೆ ಇಳಿದವು.

ದೊಡ್ಡಮ್ಮ ನಮ್ಮಕ್ಕನ ಕಡೆ ತಿರುಗಿದರು. ‘ಹುಡುಗ ಎರಡು ಸಲ ಕೇಳಿದ. ಆಕೆ ಮುಖಾನೇ ಎತ್ತವಲ್ಲಳು. ಮನಸಿಲ್ಲದ ಹುಡುಗೀನ ಕೂರ್ಸೀರೇನ್ರೀ? ಈಗ್ಲೇ ಹೇಳಿಬಿಡ್ರಿ, ತಪ್ಪಿಲ್ಲ. ನನ್ನ ಮಗ ಆಸೆ ಇಟ್ಕಂಡು ಬಂದಾನೆ.’

ಅಕ್ಕ, ‘ಹಂಗೇನಿಲ್ರೀ... ಯಾಕೋ ಏನೋ...’ ಅಂದಳು. ನಾನೇನು ಮಾಡಿದೆ ಗೊತ್ತೇ? ಒಳ್ಳೆಯ ದೃಶ್ಯ ಸಿಕ್ಕಿತು ಅಂತ ಇನ್ನೊಂದು ಹೆಜ್ಜೆ ಮುಂದಿಟ್ಟೆ! (ಬರೆಯುವಾಗ ನಾಚಿಕೆಯಾಗುತ್ತಿದೆ.)

ಆಗಲೇ ರೂಪಾ ಎದ್ದು ಬಂದು ಲೈಟು ಆರಿಸಿದ್ದು. ಆಮೇಲೆ ನಿಂತಲ್ಲೇ ಫೋನಿನಲ್ಲಿ ಟೈಪ್ ಮಾಡಿ ಅಮ್ಮನ ಕೈಗೆ ಕೊಟ್ಟಳು. ಅಕ್ಕ ಗಟ್ಟಿಯಾಗಿ ಓದಿದಳು:

‘ನಾನು ಕೇಳಿಸಿಕೊಳ್ಳೋದು ಕಣ್ಣಿಂದ. ಲೈಟು ಕಣ್ಣಿಗೆ ಹೊಡೆಯುತ್ತೆ ಮಾವ. ಮಂಜುನಾಥ ಏನು ಹೇಳ್ತಿದ್ದಾನೆ ಅಂತ ಒಂದೂ ಕಾಣಲಿಲ್ಲ. ಇನ್ನೊಂದು ಸಲ ಕೇಳೋಕೆ ಹೇಳಿ.’

‘ಅಯ್ಯೋ ನನ್ನ ಕೂಸೇ!’ ಅಂದರು ದೊಡ್ಡಮ್ಮ. ಆಮೇಲೆ ನನ್ನ ಕಡೆ ನೋಡಿ, ‘ಮೇಷ್ಟ್ರೇ, ನೀವು ಒಂಚೂರು ಆಕಡೆ ಸರೀರಿ’ ಅಂದರು. ಸರಿದೆ. ಯಾರೋ ಕಿಟಕಿ ತೆಗೆದರು.

ಮಂಜುನಾಥ ಮೂರನೇ ಸಲ ಕೇಳಿದ. ಅಕ್ಕ ನಮಗೆ ಬಿಡಿಸಿ ಹೇಳಿದಳು: ‘ಮದುವೆ ಆದ್ಮೇಲೆ ಅಂಗಡೀಲಿ ತನ್ನ ಜೊತೆ ಕೂರ್ತೀಯಾ ಅಂತ ಕೇಳ್ತಾನೆ.’ ರೂಪಾ ಹೊಲಿಗೆ ಕಲಿತವಳು. ತಕ್ಷಣ ಹೌದು ಅನ್ನುತ್ತಾಳೆ ಅಂದುಕೊಂಡೆವು. ಅವಳ ಕೈಗಳು ಚುರುಕಾದವು. ಅಕ್ಕ ನಗುತ್ತ, ‘ಬೋರ್ಡಿನ ಮ್ಯಾಲೆ ನನ್ನ ಹೆಸರೂ ಇರ್ತೈತಾ ಅಂತಾಳೆ ಕಣ್ರೀ!’ ಅಂದಳು.

ಮಂಜುನಾಥ ಒಂದು ಗಳಿಗೆ ಯೋಚಿಸಿದ. ಆಮೇಲೆ ಗಾಳಿಯಲ್ಲಿ ಬೆರಳಿನಿಂದ ಅಕ್ಷರ ಬರೆದು ತೋರಿಸಿದ. ಮೇಲೆ ಅವಳ ಹೆಸರು, ಕೆಳಗೆ ತನ್ನದು.

‘ಅಂಗಡಿ ನಂದು, ನನ್ನ ಕೇಳ್ರೋ!’ ಅಂತ ದೊಡ್ಡಮ್ಮ ಕೂಗಿದರು. ಮನೆಯೆಲ್ಲ ನಕ್ಕಿತು. ಸಂಬಂಧ ಕುದುರಿತು.

ಚನ್ನಗಿರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಬೇರೆಯೇ ಯೋಚನೆ. ಎಷ್ಟು ಸಮಾರಂಭಗಳಲ್ಲಿ ಎಷ್ಟು ಜನರಿಗೆ ‘ಕಣ್ಣು ಬಿಡ್ರಿ, ಕಣ್ಣು ಬಿಡ್ರಿ’ ಅಂತ ಗದರಿಲ್ಲ ನಾವು ಕ್ಯಾಮೆರಾದವರು? ನಮ್ಮ ಮನೆಗಳ ಆಲ್ಬಂ ತೆಗೆದು ನೋಡಿ. ಹುಬ್ಬು ಗಂಟಿಕ್ಕಿದ ಮದುಮಕ್ಕಳು, ಅಳುವ ಕೂಸುಗಳು, ಸಿಟ್ಟುಗೊಂಡಂತೆ ಕಾಣುವ ಮಾವಂದಿರು. ಅವರಿಗೆಲ್ಲ ಸಿಟ್ಟು ಬಂದಿತ್ತೆ? ರೂಪಾ ಎದ್ದು ಬಂದು ಆರಿಸಿದಳು. ಉಳಿದವರು ಮರ್ಯಾದೆಗೆ ಸುಮ್ಮನೆ ಕೂತಿದ್ದರು.

ಮಾರನೆಯ ದಿನ ಡಬ್ಬಿ ಸಮೇತ ಹೊನ್ನಾಳಿಯಲ್ಲಿದ್ದೆ. ನಡೆದದ್ದು ಹೇಳಿದೆ. ಖಲೀಲಣ್ಣ ‘ನಾನು ಹೇಳಿರಲಿಲ್ವಾ’ ಅನ್ನಲಿಲ್ಲ. ದೊಡ್ಡ ಮನುಷ್ಯ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನ ಲೈಟನ್ನೇ ನನ್ನ ಮುಖಕ್ಕೆ ಹಿಡಿದು, ಅದರ ಹಿಂದೆ ನಿಂತರು.

‘ನನ್ನ ಕೈಯಾಗೆ ಬೆರಳು ಎಷ್ಟದಾವೆ, ಹೇಳ್ರಿ.’

ಬೆರಳಿರಲಿ, ಕೈ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಆಮೇಲೆ ಹಾಲುಬಣ್ಣದ ಹಾಳೆಯ ಲೈಟು ಹಿಡಿದು, ತಿರುಗಣಿ ಅರ್ಧಕ್ಕೆ ಇಳಿಸಿದರು. ಮೂರು ಬೆರಳು. ಒಂದರಲ್ಲಿ ಬೆಳ್ಳಿ ಉಂಗುರ. ಸ್ಪಷ್ಟ.

‘ಅಂಗಡಿಗೆ ಬರೋರೆಲ್ಲ ಕ್ಯಾಮೆರಾ ಹಿಂದೆ ನಿಂತೇ ಲೈಟು ನೋಡಿ ತಗಂತಾರೆ ಮೇಷ್ಟ್ರೇ. ಒಬ್ರಾದ್ರೂ ಮುಂದೆ ಕೂತು ನೋಡಲ್ಲ’ ಅಂದರು. ನನ್ನ ಲೈಟನ್ನು ವಾಪಸ್ ಇಟ್ಟುಕೊಂಡು ಇದನ್ನು ಕೊಟ್ಟು, ರೇಟಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡರು. ಬಿಳಿ ಗೋಡೆ ಹತ್ತಿರವಿದ್ದರೆ ಲೈಟನ್ನು ಅದರ ಕಡೆ ತಿರುಗಿಸಿ, ಗೋಡೆಯಿಂದ ವಾಪಸ್ ಬರುವ ಬೆಳಕೇ ಸಾಕು ಅಂತ ಒಂದು ಪುಕ್ಕಟೆ ಪಾಠವನ್ನೂ ಹೇಳಿಕೊಟ್ಟರು. ನೀವು ಲೈಟು ಕೊಳ್ಳುವವರಾದರೆ ಕೇಳಿ. ಎಷ್ಟು ಎಲ್‌ಇಡಿ ಇದೆ ಅಂತ ಎಣಿಸಬೇಡಿ. ಸ್ಟೂಲಿನ ಮೇಲೆ ಕೂತು ಅಂಗಡಿಯವರ ಬೆರಳು ಎಣಿಸಿ.

ಹೋದ ವಾರ ಅಕ್ಕ, ರೂಪಾ ಇಬ್ಬರೂ ಮಂಜುನಾಥನ ಅಂಗಡಿ ನೋಡಲು ನ್ಯಾಮತಿಗೆ ಹೋದರು. ನಾನೂ ಹೊಸ ಲೈಟಿನ ಜೊತೆ ಹಾಜರು. ಕ್ಯಾಮೆರಾ ತೆಗೆಯುವ ಮೊದಲು ರೂಪಾಳ ಎದುರಿಗೆ ಲೈಟು ಹಚ್ಚಿ, ಎರಡು ಬೆರಳು ತೋರಿಸಿ, ಎಷ್ಟು ಅಂತ ಸನ್ನೆಯಲ್ಲೇ ಕೇಳಿದೆ. ಅವಳು ಎರಡು ಬೆರಳೆತ್ತಿ ನಕ್ಕಳು. ಪಾಸು.

ಹೊಲಿಗೆ ಮಷಿನ್ನಿನ ಆ ಕಡೆ ಅವಳು, ಈ ಕಡೆ ಅವನು. ಅರ್ಧ ಗಂಟೆ ಒಂದೇ ಸಮ ಮಾತು. ದೊಡ್ಡಮ್ಮನೂ ನಡುವೆ ಕೂತು ‘ನೀರು’, ‘ಊಟ’ ಅಂತ ಎರಡು ಸನ್ನೆ ಕಲಿತರು. ಯಾರೂ ಕಣ್ಣು ಕಿರಿದು ಮಾಡಲಿಲ್ಲ. ಮೆತ್ತಗಿನ ಬೆಳಕಿನಲ್ಲಿ ರೂಪಾಳ ನಗು ಎಷ್ಟು ಚೆಂದ ಕಂಡಿತೆಂದರೆ, ನಾನು ಹತ್ತಿರ ಹತ್ತಿರ ಜೂಮ್ ಮಾಡಿ ಮುಖಗಳನ್ನೇ ತುಂಬಿಸಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ವಿಡಿಯೊ ತೆಗೆದಿರಲಿಲ್ಲ.

ಅಲ್ಲೇ ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ರೂಪಾಳಿಗೆ ತೋರಿಸಿದೆ. ಶ್ರದ್ಧೆಯಿಂದ ನೋಡಿದಳು. ಲೈಟಿನ ಕಡೆ ಬೆರಳು ತೋರಿಸಿ ಹೆಬ್ಬೆಟ್ಟು ಎತ್ತಿದಳು. ನಾನು ಉಬ್ಬಿಹೋದೆ. ಆಮೇಲೆ ಫೋನ್ ತೆಗೆದು ಏನೋ ಟೈಪ್ ಮಾಡಿ, ನಗು ತಡೆದುಕೊಳ್ಳುತ್ತ ನನ್ನ ಮುಂದೆ ಹಿಡಿದಳು:

‘ಮುಖ ತುಂಬಾ ಚೆನ್ನಾಗಿ ಬಂದಿದೆ ಮಾವ. ಆದರೆ ಎಲ್ಲೂ ಕೈಗಳೇ ಇಲ್ಲವಲ್ಲ, ನಾವು ಅರ್ಧ ಗಂಟೆ ಆಡಿದ ಮಾತೆಲ್ಲ ಎಲ್ಲಿ?’