ಆಡುಸೋಗೆಯ ವಸ್ತಾದರು

ವಸ್ತಾದರ ಎರಡೂ ಕಿವಿಗಳು ಹಿಂಡಿ ಎಸೆದ ಹುಣಸೆಹಣ್ಣಿನ ಹಾಗೆ ಮುದುಡಿಕೊಂಡಿದ್ದವು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹಾಗಾದದ್ದಂತೆ. ಅವನ್ನೊಂದು ಸಲ ಮುಟ್ಟಿ ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ಹೆಣ್ಣುಹುಡುಗಿ, ಕೇಳುವುದು ಹೇಗೆ? ಆಸೆ ಹಾಗೇ ಉಳಿಯಿತು.

ಐವತ್ತರ ದಶಕದ ಕೊನೆ ಅದು. ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ನಮ್ಮದು ಒಂದು ಕೋಣೆಯ ಮನೆ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದಿದ್ದ ಅಪ್ಪ ನೆಲದಡಿ ಬಂಡೆ ಕೊರೆಯುವ ಕೆಲಸದಲ್ಲಿದ್ದರು. ಲೈನಿನ ತುದಿಯಲ್ಲಿ ಕುಸ್ತಿ ಕಲಿಸುವ ವಸ್ತಾದರ ಗರಡಿ. ಅವರೂ ಒಂದು ಕಾಲಕ್ಕೆ ಬಂಡೆ ಕೊರೆದವರೇ. ದಂಡ, ಬಸ್ಕಿಗಳನ್ನು ತೆಲುಗಿನಲ್ಲಿ ಎಣಿಸುತ್ತಿದ್ದರು, ಬೈಯುವುದು ಕನ್ನಡದಲ್ಲಿ, ಮುದ್ದು ಮಾತ್ರ ತಮಿಳಿನಲ್ಲಿ. ಗರಡಿಯ ಹಿಂದೆ ಆಡುಸೋಗೆಯ ಬೇಲಿ, ಅಮೃತಬಳ್ಳಿ, ತುಳಸಿ. ಪಾಳಿ ಮುಗಿಸಿ ಬಂದವರಿಗೆಲ್ಲ ಆಡುಸೋಗೆ ಎಲೆಗೆ ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯ ಕೊಡುವರು. ಅಯ್ಯೋ, ಆ ಕಹಿ! ಅದಕ್ಕೆ ಬಿದ್ದ ಬೆಲ್ಲದ ಮಾನವೇ ಹೋಗುತ್ತಿತ್ತು.

"ಬೆವರು ಇಳೀಬೇಕು ಕಣ್ಲಾ, ಎದೆ ಅಗಲ ಆಗ್ಬೇಕು," ಎನ್ನುವರು. "ಸೊಪ್ಪು ಕಾವಲುಗಾರ ಇದ್ದಂಗೆ. ಬಾಗ್ಲಲ್ಲಿ ನಿಂತ್ಕಂಡು ಕಾಯ್ತದೆ. ಕಳ್ಳ ಒಳಕ್ಕೆ ಬಂದು ಕುಂತ್ಕಂಡ್ಮೇಲೆ ಅದೇನ್ ಮಾಡ್ತದೆ?"

ಈ ಕೊನೆಯ ಮಾತನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗಣಿಯಲ್ಲಿ ಆಗಾಗ ಎದೆಯ ಫೋಟೋ ತೆಗೆಯುತ್ತಿದ್ದರು. ಬಂಡೆಯ ದೂಳು ಕಂಡರೆ ನೆಲದಡಿಯ ಕೆಲಸ ತಪ್ಪಿ ಸಂಬಳ ಇಳಿಯುತ್ತಿತ್ತು. ಹಾಗಾಗಿ ಫೋಟೋ ದಿನ ಹತ್ತಿರ ಬಂತೆಂದರೆ ಲೈನಿನ ಗಂಡಸರೆಲ್ಲ ಹೊತ್ತಿಗೊಂದು ಚೊಂಬು ಕಷಾಯ ಕುಡಿದು, ಎರಡರಷ್ಟು ದಂಡ ಹೊಡೆಯುವರು. ಎದೆ ತೊಳೆದಂತಾಗಿ ದೂಳು ಫೋಟೋದಲ್ಲಿ ಬೀಳುವುದಿಲ್ಲವೆಂದು ನಂಬಿಕೆ! ನೆಂಟರು ಬರುತ್ತಾರೆಂದು ಮನೆ ಸಾರಿಸಿದ ಹಾಗೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಕೆಮ್ಮು ಶುರುವಾಯಿತು. ಪಕ್ಕದ ಮನೆಗೆ ಕೇಳಬಾರದೆಂದು ದಿಂಬಿಗೆ ಬಾಯಿಯೊತ್ತಿ ಕೆಮ್ಮುವರು. ಫೋಟೋಕ್ಕೆ ಕರೆ ಬಂದ ದಿನ ಹೊಟ್ಟೆನೋವೆಂದು ತಪ್ಪಿಸಿಕೊಂಡರು. ಇನ್ನಷ್ಟು ದಿನ ಕಷಾಯ ಕುಡಿದು, ಕೆಮ್ಮು ನಿಂತ ಮೇಲೆ ಹೋಗುವುದು ಅವರ ಉಪಾಯ. "ಯಾರ್ತಾವಾದ್ರೂ ಬಾಯ್ಬಿಟ್ಟೀಯಾ, ಉಷಾರು!" ಎಂದು ಅಮ್ಮ ನನ್ನನ್ನು ಗದರಿಸಿದರು. ಆದರೆ ಒಂದು ಬೆಳಗ್ಗೆ ಒಂದೇ ಒಂದು ಬಿಂದಿಗೆ ನೀರು ತರುವಷ್ಟರಲ್ಲಿ ಅಪ್ಪ ಉಸಿರು ಸಿಗದೆ ಹೊಸಿಲ ಮೇಲೆ ಕುಸಿದು ಕೂತರು. ನನಗೆ ತಡೆಯಲಾಗಲಿಲ್ಲ. ಗರಡಿಯ ಬಾಗಿಲಿಗೆ ಓಡಿದೆ. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ, ಹೊರಗಿನಿಂದಲೇ "ತಾತಾ" ಎಂದು ಕೂಗಿ, ಅಳುತ್ತಾ ಎಲ್ಲ ಹೇಳಿಬಿಟ್ಟೆ.

"ಅಳಾದೆ ಕಣ್ಣು," ಅಳಬೇಡ ಕಂದಾ ಎಂದು ತಮಿಳಿನಲ್ಲಿ ಸಮಾಧಾನ ಮಾಡಿ ಕಳಿಸಿದರು.

ಅಂದೇ ಸಂಜೆ ನಮ್ಮ ಮನೆ ಮುಂದೆ ಬಂದು ನಿಂತರು.

"ಏನ್ಲಾ, ಪೋಟೋಕ್ಕೆ ಓಗಲ್ವಂತೆ?"

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. "ಓಗ್ತೀನಿ ವಸ್ತಾದ್ರೇ. ಕಸಾಯ ಕುಡೀತಾ ಇವ್ನಿ. ಎದೆ ಗಟ್ಟಿ ಆಯ್ತದೆ ಅಂತ ನೀವೇ ಯೋಳಿಲ್ವಾ? ನಿಮ್ಮನ್ನೇ ನೋಡಿ, ಗುಂಡ್ಕಲ್ಲು ಇದ್ದಂಗೆ ಇದ್ದೀರಿ!"

ವಸ್ತಾದರು ಅಂಗಿ ಬಿಚ್ಚಿ ಜಗುಲಿಯ ಮೇಲಿಟ್ಟರು. ಅಷ್ಟರಲ್ಲಿ ಲೈನಿನ ಜನ ಹೊರಗೆ ಬಂದಿದ್ದರು, ಅವರ ಶಿಷ್ಯರೂ ಇದ್ದರು. ವಸ್ತಾದರು ದಂಡ ಹೊಡೆದದ್ದನ್ನು ಎಷ್ಟೋ ವರ್ಷಗಳಿಂದ ಯಾರೂ ನೋಡಿರಲಿಲ್ಲ. ಎಣಿಸುವುದಷ್ಟೇ ಗುರುವಿನ ಕೆಲಸವೆಂದು ನಾವೆಲ್ಲ ಅಂದುಕೊಂಡಿದ್ದೆವು. ನೆಲಕ್ಕೆ ಕೈಯೂರಿ "ಒಕಟಿ" ಎಂದರು. ಐದಕ್ಕೆ ಉಸಿರು ಸಿಳ್ಳೆ ಹಾಕತೊಡಗಿತು. ಏಳಕ್ಕೆ ಮುಖ ಮಣ್ಣಿಗೆ ಬಿತ್ತು. ಎಬ್ಬಿಸಲು ಬಂದ ಶಿಷ್ಯನ ಕೈ ತಳ್ಳಿದರು. ಏಳಲಾರದೆ ಅಲ್ಲೇ ಕೂತರು.

"ನೋಡ್ಕಂಡ್ಯಾ?" ಎಂದರು, ಮಾತಿಗೊಮ್ಮೆ ನಿಂತು. "ನಾನೂ ಇಂಗೇ ಬಚ್ಚಿಟ್ಟೆ. ಒಳಗೇ ಕುಂತೈತೆ ದೂಳು. ನಿಂದಿನ್ನೂ ಈಗ ಸುರು. ಮೇಲಕ್ಕೆ ಬಂದ್ಬುಡು ಕಣಪ್ಪಾ."

ಶಿಷ್ಯರೆದುರು ವಸ್ತಾದನೊಬ್ಬ ತಾನಾಗಿಯೇ ಮಣ್ಣು ಮುಕ್ಕುವುದೆಂದರೆ ಏನೆಂದು ಅಪ್ಪನಿಗೆ ಗೊತ್ತಿತ್ತು. ಅವರ ಕಾಲ ಬಳಿ ಕೂತು ಅತ್ತುಬಿಟ್ಟರು. ಮಾರನೆಯ ದಿನವೇ ಫೋಟೋ ತೆಗೆಸಿಕೊಂಡರು. ದೂಳಿತ್ತು, ಆದರೆ ಸ್ವಲ್ಪ. ನೆಲದ ಮೇಲೆ, ಮರದ ದಿಮ್ಮಿ ಜೋಡಿಸುವ ಕಡೆ ಕೆಲಸ ಕೊಟ್ಟರು. ಸಂಬಳ ಇಳಿಯಿತು. ಅಮ್ಮ ಆರು ತಿಂಗಳು ವಸ್ತಾದರಿಗೆ ಹಿಡಿಶಾಪ ಹಾಕಿದರು, ಆಮೇಲೆ ತಾವೇ ಅವರಿಗೆ ಮುದ್ದೆ, ಬಸ್ಸಾರು ಕಳಿಸತೊಡಗಿದರು. ಅಪ್ಪ ನನ್ನ ಹತ್ತಿರ ಮಾತು ಬಿಟ್ಟದ್ದು ಒಂದೇ ವಾರ.

ವಸ್ತಾದರು ಅಪ್ಪನನ್ನು ಹಾಗೇ ಬಿಡಲಿಲ್ಲ. ಬೆಳಗ್ಗೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಗಾಳಿ ತಾಗದ ಕಡೆ ನಡೆಸುವರು. ಮೆಲ್ಲಗೆ ನಾಲ್ಕು ಬಸ್ಕಿ, ಆಮೇಲೆ ಅದೇ ಕಹಿ ಕಷಾಯ. ಅಪ್ಪನ ಮೈಯಲ್ಲಿ ಶಕ್ತಿ ಕೂಡುತ್ತಾ ಬಂತು, ವಸ್ತಾದರದ್ದು ಇಳಿಯುತ್ತಾ ಹೋಯಿತು.

ಈಗ ಬಂಗಾರಪೇಟೆಯ ನನ್ನ ಹಿತ್ತಿಲಲ್ಲೂ ಆಡುಸೋಗೆ ಇದೆ. ಅದು ಕುದಿಯುವ ವಾಸನೆ ಬಂದರೆ ಸಾಕು, ಬೀದಿಯ ತುದಿಯಲ್ಲಿ ವಸ್ತಾದರು ಈಗಲೂ ಇರಬೇಕಿತ್ತು, ಬೈಯುವುದಕ್ಕಾದರೂ ಇರಬೇಕಿತ್ತು ಎನಿಸುತ್ತದೆ. ಅಂಥವರನ್ನು ಎಲ್ಲಿಂದ ತರಲಿ?

ಅರವತ್ತರ ದಶಕದ ನಡುವಿನಲ್ಲಿ ಅವರು ತೀರಿಕೊಂಡರು. ಹೆಂಗಸರು ಸ್ಮಶಾನಕ್ಕೆ ಹೋಗುವಂತಿರಲಿಲ್ಲ, ಲೈನಿನ ತಿರುವಿನಲ್ಲಿ ನಿಂತು ನೋಡಿದೆ. ಚಟ್ಟದ ಮುಂದಿನ ಬಲಗಡೆಗೆ ಅಪ್ಪ ಹೆಗಲು ಕೊಟ್ಟಿದ್ದರು. ಏರುದಾರಿಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಹೆಗಲು ಬದಲಿಸಲು ಯಾರೋ ಮುಂದೆ ಬಂದರು. ಅಪ್ಪ ಬೇಡವೆಂದು ತಲೆಯಾಡಿಸಿ, ವಸ್ತಾದರನ್ನು ಹೊತ್ತುಕೊಂಡೇ ಏರು ಹತ್ತಿದರು.