ನೆತ್ತಿಯ ಹೆಂಚಿಗೆ ಇಬ್ಬರು ಯಜಮಾನರು

ಹಲಸೂರಿನಿಂದ ಕೆ.ಆರ್. ಪುರದವರೆಗೆ ಸೋರದೆ ನಿಂತಿರುವ ಹೆಂಚಿನ ಮನೆಗಳೆಲ್ಲ ನಾನು ಗಾರೆ ಮೆತ್ತಿದವೇ. ಮೊನ್ನೆ ರಾಮಮೂರ್ತಿ ನಗರದ ನಮ್ಮ ಹಳೆ ಮನೆಯ ಮಾಡು ಹತ್ತಿ ಗಾರೆ ಕಲಸುವಾಗ, ಸುಣ್ಣದ ವಾಸನೆಗೆ ಅಪ್ಪ ನೆನಪಾದರು.

ಮನೆ ಪಾಲಾದಾಗ ಮಾಡಿನ ಒಂದು ಇಳಿಜಾರು ಅಪ್ಪನಿಗೆ, ಇನ್ನೊಂದು ಚಿಕ್ಕಪ್ಪನಿಗೆ ಬಂದಿತ್ತು. ಎರಡೂ ಇಳಿಜಾರು ಕೂಡುವ ನೆತ್ತಿಯ ಹೆಂಚುಸಾಲು ಇಬ್ಬರದೂ. ಮಳೆಗಾಲಕ್ಕೆ ಮುಂಚೆ ಇಬ್ಬರೂ ಎದುರುಬದುರು ಕೂತು ತಂತಮ್ಮ ಅಂಚಿಗಷ್ಟೇ ಗಾರೆ ಮೆತ್ತುತ್ತಿದ್ದರು.

ಒಮ್ಮೆ ಚಿಕ್ಕಪ್ಪ, "ಏನಣ್ಣ, ನನ್ ಕಡೆಗೂ ಬಂದ್ಬಿಟ್ಟಿದ್ದೀಯ" ಎಂದು ಅಪ್ಪನ ಹಸಿಗಾರೆಯನ್ನು ಕೆರೆದೆಸೆದರು.

"ನಿನ್ ಮಾವ ಕಟ್ಸಿದ್ನೇನೋ ಈ ಮನೆ?" ಎಂದ ಅಪ್ಪ ಗಾರೆ ಮೆತ್ತುವ ಕರಣೆಯಿಂದಲೇ ಬಾರಿಸಿದರು. ಚಿಕ್ಕಪ್ಪನ ಕಿವಿ ಹರಿಯಿತು. ಅವರು ಒದ್ದ ಒದೆಗೆ ಅಪ್ಪ ಹೆಂಚು ಒಡೆದುಕೊಂಡು ಅಡುಗೆಮನೆಯಲ್ಲಿ, ನಾನು ಉಣ್ಣುತ್ತಿದ್ದ ಮುದ್ದೆಯ ಪಕ್ಕದಲ್ಲೇ ಬಿದ್ದರು. ತೊಡೆ ಮುರಿದಿತ್ತು. ಅಮ್ಮ ಮೇಲೆ ನೋಡಿ, "ಇಬ್ರೂ ಸಾಯ್ರಿ, ನಾವಾದ್ರೂ ನೆನೀದೆ ಮಲಗ್ತೀವಿ" ಎಂದಳು. ಆ ಮಳೆಗಾಲ ಎರಡೂ ಮನೆ ಸೋರಿದವು.

ಮೊನ್ನೆ ನನ್ನೆದುರು ಕೂತಿದ್ದವನು ಚಿಕ್ಕಪ್ಪನ ಮಗ. "ದೊಡ್ಡಪ್ಪನ ಥರ ನೀನೂ ಬಿದ್ದೀಯ, ನೋಡ್ಕೊ ಅಣ್ಣ" ಎಂದ. ಕೈಲಿದ್ದ ಹೆಂಚನ್ನೇ ಬೀಸಿದೆ. ಅವನ ಹಣೆ ಒಡೆಯಿತು. ಆಸ್ಪತ್ರೆಗೂ ನಾನೇ ಕರೆದೊಯ್ದೆ.

ಎರಡು ಸಾವಿರ ಖರ್ಚಾಯಿತೆಂದು ಮನೆಯಲ್ಲಿ ಹೇಳಿದ್ದೇನೆ. ಆಗಿದ್ದು ಹದಿನೆಂಟು ಸಾವಿರ. ನಾನು ಮೆತ್ತಿದರೆ ಅವನು ಕೆರೆದೆಸೆಯುತ್ತಾನೆಂದು ಬೇರೆ ಮೇಸ್ತ್ರಿಯನ್ನು ಕರೆಸಿ ಅವನ ಕಡೆಯ ಅಂಚಿಗೂ ಗಾರೆ ಹಾಕಿಸಿದ್ದು ಅದರಲ್ಲೇ ಸೇರಿದೆ.